ದೈವದ ಉಯ್ಯಾಲೆ ತೂಗಿದ ಮೇಲೆ

ಫೆಬ್ರವರಿ 6, ಶುಕ್ರವಾರ. ಬೆಳಿಗ್ಗೆ

ಮಹಾಲಿಂಗಾ, ಸೌಖ್ಯವೇ? ಹೇಮಲತಾಳ ಮೊಣಕಾಲು ಹೇಗುಂಟು, ಮೆಟ್ಟಿಲು ಹತ್ತುತ್ತಾಳಾ? ಉಜ್ವಲನ ಕೆಮ್ಮು ಬಿಟ್ಟಿತಾ? ಡೊಂಬಿವಲಿಯ ಧೂಳು ಅವನಿಗೆ ಸಣ್ಣಂದಿನಿಂದಲೂ ಆಗುವುದಿಲ್ಲ, ಬಿಸಿನೀರು ಕುಡಿಯಲು ಹೇಳು...

ತಮ್ಮನಿಗೆ ಕಾಗದ ಬರೆಯುವ ಮೊದಲು ಡೈರಿಯಲ್ಲಿ ಒಮ್ಮೆ ಬರೆದು ನೋಡುವುದು ನನ್ನ ಕ್ರಮ. ಶಾಲೆಗೆ ಹೋದದ್ದು ಎರಡೇ ವರ್ಷ. ಅಕ್ಷರ ಕೂಡಿಸಲು ಕಲಿತದ್ದು ಬೀಡಿ ಕಟ್ಟುವಲ್ಲಿ — ಒಬ್ಬರು ಪೇಪರ್ ಓದುವುದು, ನಾವೆಲ್ಲ ಎಲೆ ಸುತ್ತುತ್ತ ಕೇಳುವುದು. ಊಟದ ಹೊತ್ತಿಗೆ ಅದೇ ಪೇಪರಿನ ಮೇಲೆ ಬೆರಳಿಟ್ಟು ಓದುವುದು. ಹಾಗಾಗಿ ಕಾಗದದಲ್ಲಿ ತಪ್ಪಿರಬಾರದು ಎಂಬ ಹಟ. ಕೆಲವು ಮಾತು ಡೊಂಬಿವಲಿಗೆ ಹೋಗುತ್ತದೆ. ಕೆಲವು ಇಲ್ಲೇ ಉಳಿಯುತ್ತದೆ.

ಅಕ್ಕಿ ನೆನೆಹಾಕಿ ಆಯಿತು. ಬಾಡಿಗೆ ಕುರ್ಚಿ ಒಯ್ಯಲು ಇನ್ನೂ ಜನ ಬರಲಿಲ್ಲ.

ತಿಳಿಸಬೇಕಾದ್ದು — ನಿನ್ನೆ ಪೂಜಾಶ್ರೀಯ ನಿಶ್ಚಯ ಆಯಿತು. ಸೊಸೆಯದ್ದೇ. ನನ್ನ ಅವಿನಾಶ ಹೋಗಿ ನಾಲ್ಕು ವರ್ಷವಾಗುತ್ತ ಬಂತು. ಇಷ್ಟು ಸಣ್ಣ ಪ್ರಾಯದವಳು ನನ್ನ ಬೆನ್ನಿಗೆ ಎಣ್ಣೆ ಹಚ್ಚಿಕೊಂಡು ಎಷ್ಟು ಕಾಲ ಇರಬೇಕು? ಗಂಡು ಹುಡುಕಿದ್ದು ನಾನೇ. ಮೊಗ್ರಾಲಿನ ಸುಕುಮಾರ. ಹೆಂಡತಿ ತೀರಿಕೊಂಡವನು, ಮಕ್ಕಳಿಲ್ಲ. ಗಲ್ಫ್ ಬಿಟ್ಟು ಬಂದು ದೋಣಿ ಇಂಜಿನ್ ರಿಪೇರಿ ಮಾಡುತ್ತಾನೆ. ಮಾತು ಕಡಿಮೆ, ನಗು ಜಾಸ್ತಿ.

ಪೂಜಾಳ ಅಪ್ಪ ಬರಲಿಲ್ಲ. “ಮಗಳನ್ನು ಒಮ್ಮೆ ಕೊಟ್ಟಾಯ್ತು, ಎರಡು ಸಲ ಕೊಡುವ ಕ್ರಮ ನಮ್ಮಲ್ಲಿಲ್ಲ” ಎಂದು ಹೇಳಿ ಕಳಿಸಿದರು. ಇರಲಿ. ಮದುವೆಯ ದಿನ ಧಾರೆ ಎರೆದು ಕೊಡಲು ನನ್ನ ಮೈದುನ ಕಿಟ್ಟಣ್ಣ ಒಪ್ಪಿದ್ದಾರೆ. ಮನೆಯಲ್ಲಿ ಉಳಿದ ಹಿರಿಯ ಗಂಡಸು ಅವರೇ. ಕೆಳಗಿನ ಮನೆಯಲ್ಲಿ ಇರುವುದು, ದಿನಾ ಸಂಜೆ ಬಂದು ನಮ್ಮ ದೈವದ ಕೋಣೆಯಲ್ಲಿ ದೀಪ ಇಡುವುದು.

ಅತ್ತೆಯೇ ಸೊಸೆಗೆ ಗಂಡು ಹುಡುಕಿದ್ದು ಈ ಕಾರಡ್ಕದಲ್ಲಿ ನಾನು ಕಂಡದ್ದಿಲ್ಲ. ಹೆಮ್ಮೆ ಉಂಟು. ಇದು ಕಾಗದಕ್ಕೆ ಬೇಡ.

ಅದೇ ದಿನ, ರಾತ್ರಿ ಊಟಕ್ಕೆ ಮೊದಲು

ಅಕ್ಷರ ಓರೆಯಾಗುತ್ತಿದೆ.

ಮುಸ್ಸಂಜೆ. ಕಾಯಿ ತುರಿಯುತ್ತಿದ್ದೆ. ಕೆಳಗಿನಿಂದ ಗುಡುಗುಡು ಸದ್ದು. ಕೆಂಪುಕಲ್ಲಿನ ಲಾರಿ ಗುಡ್ಡೆ ಹತ್ತುತ್ತಿದೆ ಎಂದುಕೊಂಡೆ. ಈ ಹೊತ್ತಿನಲ್ಲಿ ಎಂತ ಲೋಡಪ್ಪ ಎಂದು ಬಾಯಲ್ಲೇ ಬೈದೆ ಕೂಡ. ಅಷ್ಟರಲ್ಲಿ ಕೂತ ಮಣೆಯೇ ಒಂದು ಪಕ್ಕಕ್ಕೆ ಜಾರಿತು. ಪಾತ್ರೆಗಳ ಮುಚ್ಚಳ ಎಲ್ಲ ಒಟ್ಟಿಗೆ ಮಾತಾಡಿದವು. ಮಾಡಿನಿಂದ ಹಂಚಿನ ಪುಡಿ ತುರಿದ ಕಾಯಿಗೆ ಉದುರಿತು.

“ಅತ್ತೆ, ಏಳಿ! ಹೊರಗೆ!” — ಪೂಜಾ. ಒಂದು ಕೈಯಲ್ಲಿ ನನ್ನನ್ನು ಎಳೆದಳು, ಇನ್ನೊಂದು ಕೈಯಲ್ಲಿ ಗ್ಯಾಸ್ ಬಂದ್ ಮಾಡಿದಳು. ಆ ಗಾಬರಿಯಲ್ಲೂ ಗ್ಯಾಸ್ ಮರೆಯಲಿಲ್ಲ ಹುಡುಗಿ.

ಅಂಗಳಕ್ಕೆ ಬರುವಾಗ ನೆಲ ನಿಂತಿತ್ತು. ದೈವದ ಕೋಣೆಯಿಂದ ಗಂಟೆಯ ಸದ್ದು ಮಾತ್ರ ನಿಂತಿರಲಿಲ್ಲ. ಬಾಗಿಲಲ್ಲಿ ಕಿಟ್ಟಣ್ಣ, ಕೈಯಲ್ಲಿ ಬತ್ತಿ. ಒಳಗೆ ನಮ್ಮ ಮನೆದೈವ ಪಂಜುರ್ಲಿಯ ಉಯ್ಯಾಲೆ ತನ್ನಷ್ಟಕ್ಕೆ ತೂಗುತ್ತಿದೆ. ಹಿತ್ತಾಳೆಯ ಸರಪಳಿ, ಸರಪಳಿಗೆ ಕಟ್ಟಿದ ಗಂಟೆ — ಎಲ್ಲ.

“ಅತ್ತಿಗೇ, ಯಾರೂ ಮುಟ್ಟಲಿಲ್ಲ. ಗಾಳಿ ಇಲ್ಲ. ದೈವ ಬಂದು ಕೂತಿದೆ!”

“ಭೂಮಿ ಅಲ್ಲಾಡಿದ್ದು ಕಿಟ್ಟಣ್ಣ. ನನ್ನ ಮಣೆಯೂ ಅಲ್ಲಾಡಿತು, ಅದರಲ್ಲಿ ಯಾವ ದೈವ ಕೂತದ್ದು?”

ನಗಲಿಲ್ಲ ಅವರು. ಪೂಜಾಳನ್ನು ನೋಡಿದರು. ಸ್ವರ ಇಳಿಸಿ ಹೇಳಿದರು — “ನಿನ್ನೆ ವೀಳ್ಯ ಬದಲಾಯಿಸಿದ್ದು. ಇವತ್ತು ಹೀಗೆ. ನಾನು ಎಂತ ಹೇಳುದು, ನಿಮಗೇ ಗೊತ್ತುಂಟು.”

ಫೆಬ್ರವರಿ 7, ಶನಿವಾರ

ಪೇಪರಿನಲ್ಲಿ ಬಂದಿದೆ, ಒಳಪುಟದಲ್ಲಿ. ಸಣ್ಣ ಭೂಕಂಪ, ಹಾನಿ ಇಲ್ಲ, ಹೆದರುವುದು ಬೇಡ ಎಂದು. ಕಿಟ್ಟಣ್ಣನಿಗೆ ಓದಿ ಹೇಳಿದೆ. “ಪೇಪರಿನವರು ನಮ್ಮ ಕೋಣೆಗೆ ಬಂದು ನೋಡಿದ್ದಾರಾ?” ಅಂದರು.

ಮೊಬೈಲಿನಲ್ಲಿ ಯಾರದ್ದೋ ಸ್ವರ — ಸಂಜೆ ದೊಡ್ಡದು ಬರುತ್ತದಂತೆ. ಊರಿಡೀ ಅಂಗಳದಲ್ಲಿ ಚಾಪೆ ಹಾಸಿ ಕೂತಿತು. ಏನೂ ಬರಲಿಲ್ಲ, ಸೊಳ್ಳೆ ಬಂತು.

ಸುಕುಮಾರ ಫೋನ್ ಮಾಡಿದ. “ಅತ್ತೆ, ಇಲ್ಲಿಯೂ ಅಲ್ಲಾಡಿತು. ಸ್ಟ್ಯಾಂಡಿನಲ್ಲಿಟ್ಟ ಇಂಜಿನ್ ಕೆಳಗೆ ಬಿತ್ತು. ವಿಶೇಷ ಎಂತ ಗೊತ್ತುಂಟಾ? ಮೂರು ದಿನದಿಂದ ಸ್ಟಾರ್ಟ್ ಆಗದ್ದು ಈಗ ಆಗ್ತದೆ.” ನಕ್ಕೆ. ಫೋನನ್ನು ಪೂಜಾಳಿಗೆ ಕೊಟ್ಟೆ. ಅವಳು ನಗಲಿಲ್ಲ. “ಮತ್ತೆ ಮಾತಾಡುತ್ತೇನೆ” ಎಂದು ಇಟ್ಟಳು.

ಫೆಬ್ರವರಿ 8, ಭಾನುವಾರ

ಬೆಳಗ್ಗೆ ಪುನಃ. ಚಿಕ್ಕದು. ಕೊಡದ ನೀರಿನ ಮೇಲೆ ಬಳೆ ಬಳೆಯಾಗಿ ಅಲೆ ಎದ್ದಿತು.

ಪೂಜಾ ಹಾಲಿನ ಸೊಸೈಟಿಯಲ್ಲಿದ್ದಳು. ಹಾಲು ಅಳೆಯುವ ಕೆಲಸ. ಎಂದಿಗಿಂತ ಬೇಗ ಬಂದಳು, ಚಪ್ಪಲಿ ಬಿಡದೆ ಜಗಲಿಯಲ್ಲಿ ಕೂತಳು. ಸೊಸೈಟಿಯಲ್ಲಿ ಮಾತಂತೆ — ಮೊದಲು ಗಂಡನನ್ನು ತಿಂದಳು, ಈಗ ದೈವವನ್ನೇ ಎಬ್ಬಿಸಿದಳು. ಕಿಟ್ಟಣ್ಣ ಯಾರಿಗೆ ಹೇಳಿದ್ದೋ, ಹಾಲಿನ ಕ್ಯಾನಿನೊಟ್ಟಿಗೆ ಮಾತೂ ಎಲ್ಲ ಕಡೆ ಹೋಗಿದೆ.

“ಬೇಡ ಅತ್ತೆ. ಈ ಮದುವೆ ಬೇಡ. ನಾನು ಇಲ್ಲೇ ಇರ್ತೇನೆ.”

“ಸುಕುಮಾರ ಬೇಡವಾ, ಮದುವೆ ಬೇಡವಾ?”

ಬಗ್ಗಿ ಚಪ್ಪಲಿ ಬಿಚ್ಚಿದಳು. “ಅವರಿಗೆ ಏನಾದರೂ ಆದರೆ?”

ಅಷ್ಟೇ. ಅವಳಿಗೆ ದೈವದ ಹೆದರಿಕೆ ಅಲ್ಲ. ತನ್ನ ಕಾಲ್ಗುಣದ್ದೇ ಹೆದರಿಕೆ.

ಫೆಬ್ರವರಿ 12

ಬರೆಯಲು ಮನಸ್ಸು ಬರಲಿಲ್ಲ. ಅಲ್ಲಾಡುವುದು ನಿಂತಿಲ್ಲ. ಕೆಲವು ನಿಜ, ಕೆಲವು ನಮ್ಮ ಕಾಲಿನದ್ದೇ. ಈಗ ದೂರದಲ್ಲಿ ಬಸ್ಸು ಹೋದರೂ ಮನೆಯವರೆಲ್ಲ ಒಮ್ಮೆ ನೆಲ ನೋಡುತ್ತೇವೆ.

ಕಿಟ್ಟಣ್ಣ ಬಂದು ಹೇಳಿಹೋದರು. ಧಾರೆಯ ನೀರಿನ ಗಿಂಡಿ ಅವರು ಮುಟ್ಟುವುದಿಲ್ಲ. ಸಿಟ್ಟಿನಲ್ಲಿ ಹೇಳಲಿಲ್ಲ. ಕಣ್ಣಲ್ಲಿ ನೀರಿತ್ತು. “ಅವಿನಾಶನನ್ನು ಎತ್ತಿ ಆಡಿಸಿದ ಕೈ ಇದು ಅತ್ತಿಗೆ. ಪೂಜಾ ನನಗೆ ಬೇರೆಯವಳಾ? ಆದರೆ ದೈವ ಬೇಡ ಅಂದಮೇಲೆ ನಾನು ಹೇಗೆ ನೀರು ಬಿಡುದು?” ಹಾಗೆ ಮಾತಾಡುವವರನ್ನು ಬೈಯುವುದು ಹೇಗೆ?

ಪೂಜಾ ಸುಕುಮಾರನ ಫೋನ್ ಎತ್ತುತ್ತಿಲ್ಲ. ಅದು ಹೊಡೆದುಕೊಳ್ಳುತ್ತದೆ, ನಿಲ್ಲುತ್ತದೆ. ನಾನು ಹಪ್ಪಳದ ಹಿಟ್ಟು ಕುಟ್ಟುತ್ತ ಕೇಳುತ್ತೇನೆ.

ಮಹಾಲಿಂಗನಿಗೆ ಇದನ್ನು ಹೇಗೆ ಬರೆಯಲಿ? ಮದುವೆ ಮಾಡಿಸುತ್ತೇನೆ ಎಂದು ಬರೆದ ಹಿಂದಿನ ಕಾಗದಕ್ಕೇ ಅವನು ಉತ್ತರ ಹಾಕಲಿಲ್ಲ.

ಫೆಬ್ರವರಿ 15, ಭಾನುವಾರ

ಇವತ್ತಿನದನ್ನು ಇವತ್ತೇ ಬರೆಯಬೇಕು.

ಹತ್ತು ಗಂಟೆಗೆ ಸುಕುಮಾರ ಬೈಕಿನಲ್ಲಿ ಬಂದ. ನಾನೇ ಕರೆಸಿದ್ದು. ಕಿಟ್ಟಣ್ಣನಿಗೂ ಹೇಳಿ ಕಳಿಸಿದ್ದೆ. ಏನಿದ್ದರೂ ದೈವದ ಕೋಣೆಯ ಎದುರೇ ಮಾತಾಗಲಿ ಎಂದು ಜಗಲಿಯಲ್ಲಿ ಚಾಪೆ ಹಾಸಿದೆ. ಪೂಜಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು.

ಸುಕುಮಾರ ಕಿಟ್ಟಣ್ಣನಿಗೆ ಹೇಳಿದ — “ಮಾವ, ನಿಮ್ಮ ಮನೆಯ ದೈವಕ್ಕೆ ನಾನು ಆಗದಿದ್ದರೆ ಎದುರೇ ಹೇಳಲಿ. ಪೂಜಾಳ ಮೇಲೆ ಹಾಕುದು ಬೇಡ.”

“ಹೇಳಿಯಾಯ್ತಲ್ಲ ಮಾರಾಯ! ಇನ್ನು ಎಂತ, ಕಾಗದ ಬರೆದು ಕೊಡ್ಬೇಕಾ?”

ಮಾತು ಮುಗಿಯಲಿಲ್ಲ. ಅದೇ ಗುಡುಗುಡು. ಈ ಸಲ ಎಲ್ಲರೂ ಒಟ್ಟಿಗಿದ್ದೆವು. ಚಾಪೆ ನಡುಗಿತು. ಸುಕುಮಾರ ಎದ್ದವನು ಅಂಗಳಕ್ಕೆ ಹಾರಲಿಲ್ಲ, ಬಾಗಿಲಲ್ಲಿದ್ದ ಪೂಜಾಳನ್ನು ಹಂಚಿನ ಕೆಳಗಿನಿಂದ ಆಚೆಗೆ ತಂದ. ಆಮೇಲೆ ನನ್ನನ್ನು. ಕಿಟ್ಟಣ್ಣ ಮಾತ್ರ ಕೈಮುಗಿದು ಕೋಣೆಯ ಎದುರು ನಿಂತೇ ಇದ್ದರು. ಒಳಗೆ ಉಯ್ಯಾಲೆ ತೂಗುತ್ತಿದೆ. ಮೆಲ್ಲಗೆ, ಹಿಂದೆ ಮುಂದೆ. ಗಂಟೆ ಟಿಣ್ ಟಿಣ್.

“ನೋಡಿ ಅತ್ತಿಗೆ! ಕಣ್ಣಾರೆ ನೋಡಿ! ಇನ್ನೂ ಸಿಟ್ಟು ಇಳಿಯಲಿಲ್ಲ!”

ನೋಡಿದೆ. ನೋಡುತ್ತಾ ಇರುವಾಗ ಬಾಯಿಗೆ ಬಂತು. ಯೋಚಿಸಿ ಹೇಳಿದ್ದಲ್ಲ.

“ಕಿಟ್ಟಣ್ಣ, ಸಿಟ್ಟು ಬಂದವರು ಉಯ್ಯಾಲೆ ಆಡ್ತಾರಾ?”

ತಿರುಗಿದರು.

“ನೀವು ಎಷ್ಟೋ ಕೋಲ, ನೇಮ ನಡೆಸಿದವರು. ನಮ್ಮ ಮನೆಯ ನೇಮದಲ್ಲಿ ದೈವ ಉಯ್ಯಾಲೆಯಲ್ಲಿ ಕೂರುದು ಯಾವಾಗ? ಅಬ್ಬರದಲ್ಲಿ ಇರುವಾಗಲಾ? ಎಲ್ಲರ ದೂರು ಕೇಳಿ, ಎಳನೀರು ಕುಡಿದು, ತಣಿದ ಮೇಲೆಯಾ? ನೀವೇ ಹೇಳಿ. ನಾನು ಹೇಳುದಿಲ್ಲ.”

ಅಷ್ಟು ಹೊತ್ತಿಗೆ ನೆಲ ನಿಂತಿತ್ತು. ಉಯ್ಯಾಲೆ ಮಾತ್ರ ಸಣ್ಣಗೆ ತೂಗುತ್ತಾ ಇತ್ತು. ಕಿಟ್ಟಣ್ಣ ಅದನ್ನೇ ನೋಡಿದರು. ಸುಳ್ಳು ಹೇಳಿ ಗೊತ್ತಿಲ್ಲ ಅವರಿಗೆ. ದೈವದ ಎದುರಂತೂ ಇಲ್ಲ.

“...ತಣಿದ ಮೇಲೆ,” ಅಂದರು.

“ಮತ್ತೆ?”

“ಸಿಟ್ಟಿದ್ದರೆ ನಿಂತೇ ಇರ್ತದೆ. ಕೂರುದಿಲ್ಲ.” ಹೆಗಲಿನ ಬೈರಾಸು ತೆಗೆದು ಮುಖ ಒರೆಸಿಕೊಂಡರು. “ಈ ಮಾತು ನನಗೆ ಯಾಕೆ ಹೊಳೆಯಲಿಲ್ಲ ಅತ್ತಿಗೆ? ನಿಶ್ಚಯದ ಮರುದಿನವೇ ಬಂದು ಕೂತದ್ದು... ಸಂತೋಷಕ್ಕಾ ಹಾಗಾದರೆ?”

“ಸಂತೋಷಕ್ಕೇ ಇರಬೇಕು,” ಎಂದ ಸುಕುಮಾರ. “ಆದರೆ ಇಷ್ಟು ಸಂತೋಷ ಬೇಡ ಅಂತ ಹೇಳಿ ಮಾವ. ನನ್ನ ಅಂಗಡಿಯ ಇಂಜಿನ್ ಎಲ್ಲ ಬೀಳ್ತದೆ.”

ಕಿಟ್ಟಣ್ಣ ಬೈಯಲು ಬಾಯಿ ತೆರೆದವರು ನಕ್ಕರು.

ಒಳಗೆ ಹೋದೆ. ಪೂಜಾ ಹಿಂದೆಯೇ ಬಂದಳು. “ಅತ್ತೆ, ನಿಮಗೆ ನಿಜವಾಗಿ ಹಾಗೆ ಅನ್ನಿಸ್ತದಾ? ಅಲ್ಲ, ನನಗೋಸ್ಕರ ಹೇಳಿದ್ದಾ?”

“ಭೂಮಿ ಅಲ್ಲಾಡಿದ್ದು ಅಂತ ಪೇಪರ್ ಹೇಳ್ತದೆ. ದೈವ ಕೂತದ್ದು ಅಂತ ಕಿಟ್ಟಣ್ಣ ಹೇಳ್ತಾರೆ. ಎರಡರಲ್ಲಿಯೂ ನಿನ್ನ ತಪ್ಪು ಎಲ್ಲುಂಟು, ತೋರಿಸು.”

ನನ್ನ ಹೆಗಲಿಗೆ ಮುಖ ಇಟ್ಟು ಅತ್ತಳು. ಅವಿನಾಶ ಹೋದಾಗಲೂ ಹೀಗೆ ಅತ್ತಿರಲಿಲ್ಲ. ಆಗ ನನ್ನನ್ನು ನೋಡಿಕೊಳ್ಳುವುದರಲ್ಲೇ ಇದ್ದಳು. ಅತ್ತು ಮುಗಿಸಿ ಚಾಯಕ್ಕೆ ನೀರಿಟ್ಟಳು. ಲೋಟ ಹಿಡಿದು ಜಗಲಿಗೆ ಹೋಗಿ ಸುಕುಮಾರನಿಗೆ, “ಸಕ್ಕರೆ ಸಾಕಾ ನೋಡಿ” ಅಂದಳು. ಒಂದು ವಾರದ ನಂತರ ಅವನೊಟ್ಟಿಗೆ ಆಡಿದ ಮೊದಲ ಮಾತು.

ಅವನು ಕುಡಿಯುವ ಮೊದಲೇ “ಸಾಕು” ಎಂದ. ಪೆದ್ದ.

ಫೆಬ್ರವರಿ 23

ಅಲ್ಲಾಡದೆ ಕೆಲವು ದಿನವಾಯಿತು. ಚಾಪೆ ಒಳಗೆ ಬಂತು. ಸೊಸೈಟಿಯಲ್ಲಿ ಈಗ ಹೊಸ ಮಾತು — ಪೂಜಾಳ ನಿಶ್ಚಯಕ್ಕೆ ದೈವವೇ ಬಂದು ಉಯ್ಯಾಲೆ ಆಡಿತಂತೆ. ಇದನ್ನು ಹಬ್ಬಿಸಿದವರೂ ಕಿಟ್ಟಣ್ಣನೇ. ನಾನು ತಿದ್ದಲು ಹೋಗಲಿಲ್ಲ. ಪೂಜಾ ನಗುತ್ತಾಳೆ.

ಮದುವೆ ವಿಷು ಕಳೆದ ಮೇಲೆ. ನಮ್ಮ ಅಂಗಳದಲ್ಲೇ.

ಮಾರ್ಚ್ 4, ಬುಧವಾರ

ಮಹಾಲಿಂಗಾ, ಇದನ್ನು ಒಂದಕ್ಷರ ಬಿಡದೆ ಕಾಗದಕ್ಕೆ ಇಳಿಸುತ್ತೇನೆ.

ಇವತ್ತು ಕಿಟ್ಟಣ್ಣ ದೀಪ ಇಟ್ಟು ಬಂದು ನನ್ನೆದುರು ಕೂತರು. “ಅತ್ತಿಗೆ, ಧಾರೆ ನಾನು ಎರೆಯುದಿಲ್ಲ” ಅಂದರು. ಪುನಃ ಎಂತ ತೂಗಿತಪ್ಪ ಎಂದು ಕೇಳಿದೆ. ತೂಗಲಿಲ್ಲವಂತೆ. “ಗಿಂಡಿ ಹಿಡಿಯುತ್ತೇನೆ. ಆದರೆ ಇವಳನ್ನು ಮಗಳಾಗಿ ಸಾಕಿದ್ದು ನೀವು, ಗಂಡು ಹುಡುಕಿದ್ದು ನೀವು, ದೈವದ ಎದುರು ಇವಳ ಪರ ನಿಂತದ್ದು ನೀವು. ನೀರು ನಿಮ್ಮ ಕೈಯಿಂದ ಬೀಳಲಿ.”

ಗಂಡನಿಲ್ಲದವಳು ಕಿಟ್ಟಣ್ಣ ನಾನು, ಜನ ಎಂತ ಹೇಳಿಯಾರು — ಎಂದೆ. “ಜನರಿಗೆ ನಾನು ಹೇಳಿಕೊಳ್ತೇನೆ. ನನ್ನ ಮಾತು ಊರಿಗೆ ಎಷ್ಟು ಬೇಗ ಮುಟ್ಟುತ್ತದೆ ಅಂತ ಕಂಡಿದ್ದೀರಲ್ಲ.”

ಪೂಜಾ ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದಳು. ಬಂದು ನನ್ನ ಬಲಗೈ ಹಿಡಿದು ಅದನ್ನೇ ನೋಡಿದಳು. ಬೀಡಿ ಎಲೆ ಕತ್ತರಿಸಿ ದಪ್ಪವಾದ ಹೆಬ್ಬೆರಳು, ಅದರಲ್ಲಿ ನೋಡಲು ಎಂತ ಉಂಟು? “ಈ ಕೈಯೇ ಅತ್ತೆ” ಅಂದಳು.

ಹಾಗಾಗಿ, ತಮ್ಮಾ, ನಾನೇ ಎರೆಯುತ್ತೇನೆ. ಕ್ರಮ ಉಂಟಾ ಇಲ್ಲವಾ ಎಂದು ಕೇಳಲು ಬರೆಯುತ್ತಿಲ್ಲ. ನೀನು ಬರುತ್ತೀಯಾ ಎಂದು ಕೇಳಲು ಬರೆಯುವುದು. ನನ್ನ ತವರಿನವರು ಎಂದು ಹೇಳಲು ನೀನೊಬ್ಬನೇ. ಆ ಹೊತ್ತಿಗೆ ನನ್ನ ಪಕ್ಕದಲ್ಲಿ ಇರಬೇಕು. ಹೇಮಲತಾಳನ್ನು ಮೆಲ್ಲಗೆ ರೈಲು ಹತ್ತಿಸು, ಉಜ್ವಲನಿಗೆ ರಜೆ ಹಾಕಲು ಹೇಳು. ಹಿಂದಿನ ಕಾಗದಕ್ಕೆ ಯಾಕೆ ಉತ್ತರ ಇಲ್ಲ ಎಂದು ನಾನು ಕೇಳುವುದಿಲ್ಲ. ಇದಕ್ಕೆ ಮಾತ್ರ ಬೇಕು. ಉದ್ದ ಬರೆಯುವುದು ಬೇಡ. ಬರುತ್ತೇನೆ ಅಕ್ಕ, ಎಂದು ಒಂದೇ ಗೆರೆ ಸಾಕು, ಬೇಗ ಹಾಕು.