ಏರು ರಸ್ತೆಯ ಫೈಲು

ಮಾರ್ಚ್ 3, ಸೋಮವಾರ

ರೇಡಿಯೇಟರಿಗೆ ನೀರು, ಟೈರಿಗೆ ಗಾಳಿ. ಪಿಕಪ್ಪಿಗೆ ಇಪ್ಪತ್ತಾರು ವರ್ಷ. ಹ್ಯಾಂಡ್‌ಬ್ರೇಕಿನ ಕೇಬಲ್ಲು ಸತ್ತು ಎರಡು ವರ್ಷ. ಚಿಂತೆಯಿಲ್ಲ. ಏರಿನಲ್ಲಿ ನಿಂತರೆ ಹಿಂದಿನ ಚಕ್ರಗಳಿಗೆ ಕೊಡಲು ಎರಡು ಮರದ ತುಂಡು ಸೀಟಿನ ಕೆಳಗಿವೆ.

ಎರಡು ಟ್ರಿಪ್ ಸಿಮೆಂಟ್ ಕಂಬ. ಆಮೇಲೆ ಲೋಕೋಪಯೋಗಿ ಕಚೇರಿಗೆ ಹೋಗಿ ಏರು ರಸ್ತೆಯ ಅರ್ಜಿ ಕೊಟ್ಟೆ — ಮೂವತ್ತೊಂದನೆಯದು. ಹತ್ತೊಂಬತ್ತು ವರ್ಷದ ಹಿಂದೆ ಅಗಲ ಮಾಡುತ್ತೇವೆಂದು ಬಂದು ಎರಡೂ ಪಕ್ಕ ಗೋಡೆ ಎಬ್ಬಿಸಿ ಹೋದರು. ಮೊದಲು ಮೂರು ಕಡೆ ಗಾಡಿ ಪಕ್ಕಕ್ಕೆ ಹಾಕಲು ಜಾಗವಿತ್ತು. ಹಳೆಯ ನಕ್ಷೆ ನನ್ನಲ್ಲಿದೆ. ಈಗ ಒಂದು ಮೊಳವೂ ಇಲ್ಲ.

ಗುಮಾಸ್ತ ನಕ್ಕ. "ಸಾರ್, ನಿಮ್ಮ ನೆನಪಿಗೆ ನಮ್ಮ ಬೀರು ಸಾಲ್ತಿಲ್ಲ."

ಮಾರ್ಚ್ 5

ಪುಸ್ತಕದ ಶೆಲ್ಫಿನ ಕಾಲು ಮುರಿಯಿತು. ಫೈಲುಗಳ ಭಾರ. ಗಾಡಿಯ ಮರದ ತುಂಡುಗಳನ್ನೇ ತಂದು ಕೆಳಗೆ ಕೊಟ್ಟೆ. ಅಳತೆ ತೆಗೆದು ಕೊಯ್ದ ಹಾಗೆ ಕೂತವು.

"ರೀ, ಅದು ಗಾಡೀದಲ್ವಾ?" ಎಂದಳು ಹೆಂಡತಿ.

"ಬಡಗಿ ನಾಳೆ ಬರ್ತಾನೆ."

"ಕಚೇರಿಯೋರೂ ನಿಮಗೆ ಇದೇ ಹೇಳೋದು."

ಮಾರ್ಚ್ 14

ಭಾವ ಬಂದಿದ್ದ. ಅವನ ಲೇತ್ ಶಾಪಿನ ಕಟ್ಟಡ ಕೆಡವುತ್ತಾರಂತೆ. ನಾಳೆಯೊಳಗೆ ಲೇತು ಏರಿನ ಮೇಲಿನ ಶೆಡ್ಡು ಸೇರಬೇಕು. ಅದು ಎರಡು ಟನ್ನು. ನನ್ನ ಗಾಡಿ ಟ್ರೇಲರಿನಲ್ಲಿ ಎಳೆಯುವುದು ಒಂದೂವರೆ. ಆಗದು ಎಂದೆ.

"ಹತ್ತೊಂಬತ್ತು ವರ್ಷ ಕಚೇರಿಯೋರ ಜೀವ ಎಳೆದೋನಿಗೆ ಲೇತು ಯಾವ ಭಾರ, ಭಾವಮೈದ?"

ಒಪ್ಪಲಿಲ್ಲ. ರಾತ್ರಿ ಊಟದ ಹೊತ್ತಿಗೆ ಅಕ್ಕನ ಫೋನು. "ಆ ಲೇತಿಂದಲೇ ಕಣೋ ನಮ್ಮನೆ ಒಲೆ ಉರಿಯೋದು."

ಮುಗಿಯಿತು. ಅಕ್ಕನ ಮಾತು — ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಮಾರ್ಚ್ 15, ಬೆಳಿಗ್ಗೆ 10:40, ಏರಿನ ನಡುವೆ

ಮುಂದೆ ಯಾರದೋ ಗಾಡಿ ಕೆಟ್ಟು ಜಾಮ್. ನಿಂತು ಹೊರಟು, ನಿಂತು ಹೊರಟು ಕ್ಲಚ್ ಪ್ಲೇಟು ಸುಟ್ಟುಹೋಯಿತು; ಗೇರಿಗೆ ಹಾಕಿದರೂ ಹಿಡಿಯದು. ಬಲಗಾಲು ಬ್ರೇಕಿನ ಮೇಲೆ. ತೆಗೆದರೆ ಲೇತಿನ ಸಮೇತ ಹಿಂದಕ್ಕೆ. ಹಿಂದೆ ಒಂದು ಮಾರು ದೂರದಲ್ಲಿ ಬಿಳಿ ಕಾರು. ಒಳಗೆ ಕಾಲಿಗೆ ಪ್ಲಾಸ್ಟರ್ ಹಾಕಿದ ಅಜ್ಜಿ. ಅದರ ಹಿಂದೆ ಸಾಲು ಸಾಲು.

ಸೀಟಿನ ಕೆಳಗೆ ಕೈ ಹಾಕಿದೆ. ಬರೀ ಧೂಳು.

ಬಡಗಿ ಇನ್ನೂ ಬಂದಿಲ್ಲ.

ಭಾವ ಕಲ್ಲು ಹುಡುಕಲು ಇಳಿದಿದ್ದಾನೆ. ಟ್ರಿಪ್ಪು ಬರೆಯುವ ಈ ಡೈರಿ ಪಕ್ಕದಲ್ಲಿತ್ತು. ಕೈಗೆ ಕೆಲಸ ಕೊಟ್ಟರೆ ಕಾಲು ನಡುಗುವುದು ಕಡಿಮೆ.

10:52

ಭಾವ ಬರಿಗೈಯಲ್ಲಿ ಬಂದ. ಎರಡೂ ಕಡೆ ನುಣ್ಣನೆ ಗೋಡೆ, ಹಿಡಿ ಗಾತ್ರದ ಕಲ್ಲೂ ಇಲ್ಲ. ಕೆಳಗೆ ದೂರದಲ್ಲಿ ಒಂದು ಲಾರಿಯಿದೆಯಂತೆ. ಕಾರಿನ ಡ್ರೈವರ್ ಅಲ್ಲಿಂದ ಏನಾದರೂ ತರಲು ಓಡಿದ್ದಾನೆ.

"ನಿನ್ನ ಮರದ ತುಂಡು ಎಲ್ಲಯ್ಯಾ?"

"ಶೆಲ್ಫಿನ ಕೆಳಗೆ."

 

10:58

ಪೆಡಲು ಮೆಲ್ಲಗೆ ಕೆಳಗೆ ಹೋಗುತ್ತಿದೆ. ಮತ್ತೆ ಮತ್ತೆ ಒತ್ತಿದರೆ ಹಿಡಿಯುತ್ತದೆ. ಪ್ರತಿ ಸಲ ಗಾಡಿ ನಾಲ್ಕು ಬೆರಳು ಹಿಂದೆ. ಅಜ್ಜಿಯನ್ನು ಇಳಿಸಲು ಇಬ್ಬರು ಹೆಣಗುತ್ತಿದ್ದಾರೆ. ಕಾಲು ಬಾಗಿಲಲ್ಲಿ ಸಿಕ್ಕಿಕೊಂಡಿದೆ.

"ಡ್ಯಾಶ್‌ಬೋರ್ಡ್ ಮೇಲೆ ಅದೇನು ಕಟ್ಟು?"

"ಈ ರಸ್ತೆಯದೇ ಫೈಲು. ಇವತ್ತು ಕಚೇರಿಗೆ ಒಯ್ಯಬೇಕಿತ್ತು. ನಕ್ಷೆ, ಉತ್ತರ, ಎಲ್ಲ ಮೂಲಪ್ರತಿ, ಭಾವ."

"ಕೊಡು."

ಕೊಟ್ಟೆ.

11:01

ಎಡಚಕ್ರ ನಿಂತಿತು. ಹತ್ತೊಂಬತ್ತು ವರ್ಷದಲ್ಲಿ ಆ ಫೈಲಿನಿಂದ ಆದ ಮೊದಲ ಕೆಲಸ. ಬಲಚಕ್ರ ಜಾರುತ್ತಿದೆ, ಟ್ರೇಲರು ಓರೆಯಾಗುತ್ತಿದೆ. ತೊಡೆ ಮರಗಟ್ಟಿದೆ. ಅಜ್ಜಿ ಇನ್ನೂ ಒಳಗೇ.

ಭಾವ ಕಿಟಕಿಯಲ್ಲಿ ಕೈ ಚಾಚಿದ್ದಾನೆ. "ಆ ಡೈರೀನೂ ದಪ್ಪ ರಟ್ಟಿಂದಲ್ವಾ? ಕೊಡೋ ಬೇಗ!"

ಒಂಬತ್ತು ತಿಂಗಳ ಹಾಳೆ ಖಾಲಿಯಿದೆ. ತಡಿ ಭಾವ, ಗೋಡೆ ಕಟ್ಟಿಸಿದವನ ಹೆಸರೊಂದು ಬರೆದು