ಶನಿವಾರ ಬಿಚ್ಚಿದ ಬಾಗಿಲು

ಕೋಲಾರ
20 ಆಗಸ್ಟ್ 2024

ಪ್ರೀತಿಯ ಕಾಂತರಾಜ,

ವರಮಹಾಲಕ್ಷ್ಮಿ ಹಬ್ಬದ ಮಾರನೇ ದಿನ, ಹೋದ ಶನಿವಾರ ಬೆಳಿಗ್ಗೆ, ಒಳಗೆ ಒಬ್ಬ ಹೆಂಗಸು ಅಡುಗೆ ಮಾಡುತ್ತಿರುವಾಗಲೇ ನೀನು ಇಲ್ಲಿ ಬಾಡಿಗೆಗೆ ಕೊಟ್ಟ ನಿನ್ನ ಮನೆಯ ಬಾಗಿಲನ್ನೇ ಬಿಚ್ಚಿಸಿ ತೆಗೆಸಿದೆ. ಇಷ್ಟು ಬರೆದ ಮೇಲೆಯೇ ನಿನ್ನ ಆರೋಗ್ಯ ಕೇಳಲು ಮನಸ್ಸು ಬಂತು. ಸಕ್ಕರೆ ಹತೋಟಿಯಲ್ಲಿದೆಯೇ? ದಾವಣಗೆರೆಯ ನೀರು ಮಕ್ಕಳಿಗೆ ಒಗ್ಗಿತೇ? ನನ್ನ ಮಂಡಿನೋವು ಹಾಗೇ ಇದೆ.

ಮುನಿಗಂಗಮ್ಮ ನಿನಗೆ ಬರೀ ಬಾಡಿಗೆಯವಳು. ನಾನು ಅವಳನ್ನು ದಿನಾ ನೋಡಿದವಳು. ಟೊಮೆಟೊ ಮಂಡಿಯಲ್ಲಿ ಹಣ್ಣು ಆರಿಸಿ ಮಗಳು ಪವಿತ್ರಳನ್ನು ಪಿಯುಸಿ ಓದಿಸುತ್ತಿದ್ದಾಳೆ. ಹೊಸ ಮನೆ ಕಟ್ಟಿಕೊಡಲೆಂದು ಅವರ ಕಾಲೋನಿ ಕೆಡವಿದರು. ಅದು ಮುಗಿಯುವ ತನಕ ಬಾಡಿಗೆಗೆ ಸರ್ಕಾರದ ಸಹಾಯವಿದೆ, ಆದರೆ ಮಾಲೀಕರ ಕರಾರು ಪತ್ರ ಬೇಕು. ಅವಳ ಪರವಾಗಿ ನಾನು ಅದನ್ನು ಕೇಳಿದಾಗ ನೀನು ಫೋನಿನಲ್ಲಿ ಅಂದದ್ದು ನನಗೆ ನೆನಪಿದೆ: "ಕರಾರು ಬರ್ಕೊಟ್ರೆ ಮನೆ ಅವಳದೇ ಆಗುತ್ತೆ ಕಣಕ್ಕ. ಸರ್ಕಾರದ ದುಡ್ಡಲ್ಲಿ ಇರೋರು ಒಂದ್ಸಲ ಸೇರ್ಕೊಂಡ್ರೆ ಬಿಡಲ್ಲ." ಕರಾರಿಲ್ಲದೆ ಸಹಾಯ ಬರಲಿಲ್ಲ, ಸಹಾಯವಿಲ್ಲದೆ ಬಾಡಿಗೆ ನಿಂತಿತು. ಕೊಡದಂತೆ ಮಾಡಿದವನೂ ನೀನೇ, ಕೊಡಲಿಲ್ಲವೆಂದು ಹೊರಗೆ ಹಾಕಿದವನೂ ನೀನೇ.

ನಿನ್ನ ಬ್ರೋಕರ್ ಚಂದ್ರು ಬಾಗಿಲು ರಿಪೇರಿ ಎಂದು ಹೇಳಿಕೊಂಡು ಬಂದ. ಅವಳು ನಂಬಿದಳು. ಹಲಗೆ ಭಾರವೆಂದು ಒಂದು ಕಡೆ ತಾನೇ ಹಿಡಿದು ಇಳಿಸಿದಳು. ಹಿಂದಿನ ದಿನವಷ್ಟೇ ತಾನು ಕುಂಕುಮವಿಟ್ಟ ಬಾಗಿಲು ಅದು. ಅದನ್ನು ಹೊತ್ತುಕೊಂಡು ಹೋದ ಚಂದ್ರು ತಿರುಗಿ ಬರಲಿಲ್ಲ. ಆ ರಾತ್ರಿ ಅವಳು ಸೀರೆಯೊಂದನ್ನು ಅಡ್ಡ ಕಟ್ಟಿ, ಮಗಳನ್ನು ಒಳಗೆ ಮಲಗಿಸಿ, ಬೆಳಗಿನವರೆಗೂ ಹೊಸ್ತಿಲಲ್ಲಿ ಕೂತಿದ್ದಳು. ನನ್ನನ್ನು ನೋಡಿ ಅಳಲಿಲ್ಲ. "ಹೋಗು ಅಂದಿದ್ರೆ ಹೋಗ್ತಿದ್ದೆನಲ್ಲಕ್ಕ, ಬಾಗಿಲೇನು ಪಾಪ ಮಾಡಿತ್ತು?" ಅಂದಳು.

ಶ್ರೀನಿವಾಸಪುರ ಮರೆತೆಯಾ ಕಾಂತು? ಮಾವಿನ ಮಂಡಿಯ ಕೆಲಸ ಹೋಗಿ ಅಪ್ಪ ಕೈಚೆಲ್ಲಿ ಕೂತಾಗ ನಾವು ದೊಡ್ಡಗಂಗಮ್ಮನ ಮನೆಯ ಬಾಡಿಗೆಯವರು. ನಿನ್ನ ಸರ್ಕಾರಿ ಹಾಸ್ಟೆಲಿಗೆ ವಾಸದ ಪತ್ರ ಬೇಕಿತ್ತು. ಕೊಡಬೇಡ, ಮನೆ ಹೋಗುತ್ತದೆ ಎಂದು ಬೀದಿಯೇ ಆಕೆಗೆ ಹೇಳಿತು. "ಹುಡುಗ ಓದ್ಲಿ ಬಿಡ್ರೋ, ಮನೆ ಎಲ್ಲಿಗೆ ಓಡೋಗ್ತದೆ" ಎನ್ನುತ್ತಾ ಆಕೆ ಹೆಬ್ಬೆಟ್ಟು ಒತ್ತಿದಳು. ಆ ಶಾಯಿಯನ್ನು ನಿನ್ನ ಅಂಗಿಯ ತುದಿಯಲ್ಲಿ ಒರೆಸಿದವನು ನೀನು. ಮನೆ ಓಡಿಹೋಗಲಿಲ್ಲ. ನೀನು ಎಂಜಿನಿಯರ್ ಆದೆ.

ಮಕ್ಕಳಿಗೆ ಆಶೀರ್ವಾದ. ಹಬ್ಬಕ್ಕೆ ಕಳಿಸಿದ ಸೀರೆ ತಲುಪಿತೆಂದು ನಿನ್ನ ಹೆಂಡತಿಗೆ ಹೇಳು. ಮಡಿಕೆ ಇನ್ನೂ ಬಿಚ್ಚಿಲ್ಲ.

ನಿನ್ನ ಅಕ್ಕ,
ವಾಣಿಶ್ರೀ

ಮರೆತಿದ್ದೆ: ನನ್ನ ಮನೆಯ ಮುಂದಿನ ಕೋಣೆಗೆ ಬಾ, ಕರಾರು ಬರೆದುಕೊಡುತ್ತೇನೆ ಎಂದು ಮುನಿಗಂಗಮ್ಮನನ್ನು ಕರೆದೆ. "ನಿಮ್ಮ ತಮ್ಮ ನಾಳೆ ಅಲ್ಲಿಗೂ ಬರ್ತಾರಕ್ಕ" ಎಂದು ಹೇಳಿ ಹೋಳೂರಿನ ತಂಗಿಯ ಮನೆಗೆ ಹೊರಟುಹೋದಳು. ಚಂದ್ರುವಿನಿಂದ ಬಾಗಿಲು ತರಿಸಿಕೊಂಡಿದ್ದೇನೆ, ಕುಂಕುಮ ಅಳಿಸಿಲ್ಲ. ಭಾನುವಾರ ಬೆಳಿಗ್ಗೆ ಬೀದಿಯವರೆಲ್ಲರ ಎದುರು ಅದನ್ನು ಮತ್ತೆ ಕೂರಿಸುತ್ತೇನೆ. ಅವಳಿಗೂ ಬರಹೇಳಿದ್ದೇನೆ. ನೀನು ಬಾ. ಫೋನಿನಲ್ಲಿ ನನಗೆ ಹೇಳುವುದು ಬೇಡ. ಆ ಬಾಗಿಲು ಮಾಡಿದ ಪಾಪ ಏನೆಂದು ಅಲ್ಲಿ ನಿಂತು, ಅವಳ ಮುಖ ನೋಡಿ, ಎಲ್ಲರಿಗೂ ಕೇಳುವಂತೆ ಹೇಳು.