ಇವರು ಓಟು ಹಾಕಿದ ವರ್ಷ

೨೪ ಆಗಸ್ಟ್ ೧೯೯೬, ಶನಿವಾರ. ರಾಲಿ

ಇಡ್ಲಿಗೆ ರುಬ್ಬಿಟ್ಟೆ. ಮಿಕ್ಸಿ ಬಿಸಿಯಾಗಿ ನಡುವೆ ನಿಂತಿತು. ಈ ಮನೆಯ ಎಸಿಯಲ್ಲಿ ಹಿಟ್ಟು ಉಬ್ಬುವುದಿಲ್ಲ. ಓವನ್ನಿನೊಳಗೆ ಲೈಟು ಹಾಕಿ ಇಟ್ಟಿದ್ದೇನೆ.

ಐದು ಗಂಟೆ ದೂರದ ಕೊಲಂಬಿಯಾ ಊರಿನಿಂದ ಶೇಷಾದ್ರಿ ಕಾರಿನಲ್ಲಿ ಬಂದಿದ್ದಾನೆ. ನಮ್ಮನ್ನು ಮಗಳು ಇಂದುವೇ ಇಟ್ಟುಕೊಂಡಿದ್ದಾಳೆ ಎಂದು ಮಗನಾದವನು ತಿಂಗಳಿಗೊಮ್ಮೆ ಬಂದು ಮುಖ ತೋರಿಸುತ್ತಾನೆ. ಶೂ ಬಿಚ್ಚುವ ಮೊದಲೇ ಅಳಿಯ ಸೂರ್ಯನಾರಾಯಣರ ಜೊತೆ ಶುರು. ಹೊಸ ಕಾನೂನು ಬಂದಿದೆಯಂತೆ. ಸಿಟಿಜನ್ ಆಗದ ಮುದುಕರಿಗೆ ಸರ್ಕಾರದ ಸಹಾಯ ಬಂದ್.

"ಸರಿಯೇ ಉಂಟಲ್ಲ ಭಾವ. ಅಪ್ಪ ಅಮ್ಮನನ್ನು ಕರೆಸಿದ್ದು ನಾವು. ನೋಡಿಕೊಳ್ಳುದೂ ನಾವು. ಪಕ್ಕದ ಮನೆಯವ ಯಾಕೆ ಟ್ಯಾಕ್ಸ್ ಕಟ್ಬೇಕು?"

"ನಿನಗೆ ದೊಡ್ಡ ಕೆಲಸ ಇದೆ, ಹೇಳ್ತೀಯ. ಇಲ್ಲಿ ಹೊಲದಲ್ಲಿ ಗೆಣಸು ಅಗೆಯೋನು ಅವನ ಅಪ್ಪನ್ನ ಏನು ಮಾಡಬೇಕು?"

"ಅವ ಲೈನಿನಲ್ಲಿ ನಿಂತು ಬಂದವನಾ? ನಾವು ನಿಂತದ್ದು."

"ಲೈನಿನಲ್ಲಿ ಮುಂದೆ ಬಂದೋನಿಗೆ ಹಿಂದಿರೋರು ಕಾಣಲ್ಲ ಬಿಡು."

ಪಲ್ಯ ತಣ್ಣಗಾಯಿತು. ಕಡೆಗೆ ಇಬ್ಬರೂ ಇವರ ಕಡೆ ತಿರುಗಿದರು. ಅಪ್ಪ ನೀವೇ ಹೇಳಿ, ಮಾವ ನೀವೇ ಹೇಳಿ ಎಂದು. ಕುಂದಾಪುರದಲ್ಲಿದ್ದಾಗ ಬೇಲಿಯ ತಕರಾರು, ಬಾವಿಯ ತಕರಾರು ಎಲ್ಲವೂ ಪುಂಡಲೀಕ ಮಾಸ್ತರ ಜಗಲಿಗೆ ಬರುತ್ತಿತ್ತು. ಇವರು ಒಂದು ಮಾತು ಹೇಳಿದರೆ ಅಲ್ಲಿಗೆ ಮುಗಿಯಿತು. ಇಲ್ಲಿ ಮಾತ್ರ — "ಉಣ್ಣಿ ಮೊದಲು. ಹೇಳುವ ಹೊತ್ತಿಗೆ ಹೇಳ್ತೇನೆ" ಎಂದರು.

ಊರಿನ ಅಕ್ಕನಿಗೆ ಕಾಗದ ಬರೆದೆ. ಶೇಷಾದ್ರಿ ಬಂದಿದ್ದ, ಮನೆ ತುಂಬ ಮಾತು ಎಂದು. ಸುಳ್ಳಲ್ಲವಲ್ಲ.

೯ ಸೆಪ್ಟೆಂಬರ್, ಸೋಮವಾರ

ಇವರ ಫೋಟೊ ಕಾರ್ಡಿನ ಅವಧಿ ಮುಗಿದಿತ್ತು. ಮಗಳು ಲೈಸೆನ್ಸ್ ಆಫೀಸಿಗೆ ಕರೆದುಕೊಂಡು ಹೋದಳು. ನಾನೂ ಹೋದೆ. ಮನೆಯಲ್ಲಿ ಕೂತು ಏನು ಮಾಡುವುದು.

ಅವಳು ಕಾರ್ ಪಾರ್ಕ್ ಮಾಡಿ ಬರುವಷ್ಟರಲ್ಲಿ ಇವರ ಸರದಿ ಬಂತು. ಕೌಂಟರಿನ ಹೆಂಗಸು ಬಹಳ ಮರ್ಯಾದೆಯವಳು. ಎಲ್ಲರಿಗೂ ಕೇಳುವ ಹಾಗೆ ಇವರಿಗೂ ಕೇಳಿದಳು, ಓಟಿಗೆ ಹೆಸರು ಸೇರಿಸುವುದಾ ಎಂದು. ಇವರು ಎದ್ದು ನಿಂತು "ಯೆಸ್, ಮೇಡಂ" ಎಂದರು. ಶಾಲೆಗೆ ಇನ್ಸ್‌ಪೆಕ್ಟರು ಬಂದಾಗ ಹೇಳುತ್ತಿದ್ದ ಹಾಗೆ. ತೋರಿಸಿದಲ್ಲಿ ಸಹಿ ಮಾಡಿದರು.

ಹೊರಗೆ ಬಂದ ಮೇಲೆ ಕೇಳಿದೆ — ನಾವು ಇನ್ನೂ ಹಸಿರು ಕಾರ್ಡಿನವರಲ್ಲವಾ, ಓಟು ಉಂಟಾ?

"ಅರ್ಜಿ ಕೊಟ್ಟಾಯ್ತಲ್ಲ ಸಿಟಿಜನ್‌ಗೆ. ಅರ್ಹತೆ ಇಲ್ಲದಿದ್ರೆ ಅವರೇ ತೆಗೀತಾರೆ ಜಲಜಾ. ಪಟ್ಟಿ ಮಾಡುದು ಸರ್ಕಾರದ ಕೆಲಸ. ನಾನು ಎಷ್ಟು ಮನೆ ಮನೆ ತಿರುಗಿ ಪಟ್ಟಿ ಮಾಡಿದವ."

ಹೌದು. ಚುನಾವಣೆ ಬಂದರೆ ಇವರಿಗೆ ಡ್ಯೂಟಿ. ದೋಣಿಯಲ್ಲಿ ಪೆಟ್ಟಿಗೆ ಹೊತ್ತು ಹೊಳೆ ನಡುವಿನ ಕುದ್ರುಗಳಿಗೆ ಹೋಗುತ್ತಿದ್ದರು. ಪಟ್ಟಿಯಲ್ಲಿ ಹೆಸರಿದ್ದವನು ರಾಜ, ಇಲ್ಲದವನು ಮಂತ್ರಿಯಾದರೂ ಹೊರಗೆ ಎನ್ನುತ್ತಿದ್ದರು.

ನಾನು ಮತ್ತೆ ಕೇಳಲಿಲ್ಲ. ನಾಲ್ಕನೇ ಕ್ಲಾಸಿಗೆ ಬಿಡಿಸಿದರು ನನ್ನನ್ನು. ಉಳಿದದ್ದು ಜಿನಸಿನ ಪೊಟ್ಟಣ ಬಿಚ್ಚಿ ಕಾಗದ ಓದಿ ಕಲಿತದ್ದು. ಇಂಥದ್ದು ಇವರಿಗೇ ಗೊತ್ತು.

೬ ಅಕ್ಟೋಬರ್, ಭಾನುವಾರ

ಮತ್ತೊಂದು ಕಾನೂನು. ಇದು ಇಮಿಗ್ರೇಷನ್‌ನದ್ದೇ. ಶೇಷಾದ್ರಿ ಫೋನಿನಲ್ಲಿ, ಸೂರ್ಯ ಈಚೆಯಿಂದ. ನಡುವೆ ಇಂದು, "ಲಾಂಗ್ ಡಿಸ್ಟೆನ್ಸ್ ಮಾಡಿ ಜಗಳ ಆಡ್ತೀರಲ್ಲ" ಎಂದು.

ಸೂರ್ಯ ಹೇಳಿದ್ದು ಇಷ್ಟು — ಇನ್ನು ಸಣ್ಣ ತಪ್ಪಿಗೂ ಗ್ರೀನ್ ಕಾರ್ಡಿನವರನ್ನು ಹೊರಗೆ ಹಾಕಬಹುದು, ಜಡ್ಜ್ ಕನಿಕರ ತೋರಿಸುವ ಹಾಗೂ ಇಲ್ಲ. ಶೇಷಾದ್ರಿಯದ್ದು ಜೋರು ನಗು. ದೂರ ಕೂತ ನನಗೂ ಕೇಳಿತು. "ತಪ್ಪು ಮಾಡುವವರು ಹೆದರಲಿ ಭಾವ. ನಮಗೆಂತ?"

ಫೋನಿಟ್ಟ ಮೇಲೆ ಸೂರ್ಯ ಊಟ ಬೇಡ ಎಂದರು. ಅವರು ಒಳ್ಳೆಯವರೇ. ಆದರೆ ಟೀವಿಯವರಿಗೆ ಬೈಯುವ ಹಾಗೆ ಇಂದುವಿಗೂ ಬೈಯುತ್ತಾರೆ ಈಗೀಗ. ನಿನ್ನ ತಮ್ಮ, ನಿನ್ನ ತಮ್ಮ ಎಂದು.

೧೯ ಅಕ್ಟೋಬರ್

ಅಂಚೆಯಲ್ಲಿ ಇವರ ಹೆಸರಿಗೆ ಕಾರ್ಡು. ಯಾವ ಶಾಲೆಯಲ್ಲಿ ಓಟು ಎಂದು ಬರೆದಿದೆ. "ನೋಡಿದ್ಯಾ, ಪಟ್ಟಿಗೆ ಬಂತು" ಎಂದು ಪಂಚಾಂಗದೊಳಗೆ ಇಟ್ಟರು. ಮಕ್ಕಳಿಗೆ ಹೇಳಬೇಡ ಎಂದರು. ಮಗನೂ ಅಳಿಯನೂ ಎಳೆಯುತ್ತಾರೆ, ನಮ್ಮ ಕಡೆ ಹಾಕಿ ಎಂದು.

೫ ನವೆಂಬರ್, ಮಂಗಳವಾರ

ಹೋಗಿ ಬಂದೆವು. ನಡೆದೇ. ಮೊಮ್ಮಗಳು ರಚನಾಳ ಶಾಲೆಯೇ, ಅವಳು ಮೂರನೆಯ ಗ್ರೇಡು ಓದುವುದು ಅಲ್ಲಿಯೇ. ಹಳೆಯ ಕೋಟು ಇಸ್ತ್ರಿ ಮಾಡಿಸಿಕೊಂಡರು ನನ್ನಿಂದ. ನಾನು ಹೊರಗೆ ಬೆಂಚಿನಲ್ಲಿ ಕೂತೆ. ಎರಡೂ ಪಾರ್ಟಿಯವರು ಬಾಗಿಲಿನಿಂದ ದೂರ ನಿಂತು ಚೀಟಿ ಹಂಚುತ್ತಿದ್ದರು. ಇವರು ಎರಡನ್ನೂ ತೆಗೆದುಕೊಂಡು ಇಬ್ಬರಿಗೂ ಕೈ ಮುಗಿದರು. ಇಬ್ಬರೂ ನಕ್ಕರು.

ಹೊರಗೆ ಬಂದಾಗ ಕೋಟಿನ ಮೇಲೆ ಓಟು ಹಾಕಿದ್ದೇನೆ ಎಂದು ಒಂದು ಸ್ಟಿಕ್ಕರು. "ಶಾಯಿ ಇಲ್ಲ ಮಾರಾಯ್ತಿ ಇಲ್ಲಿ. ಒಬ್ಬನೇ ಹತ್ತು ಸಲ ಹಾಕಿದ್ರೆ?" ಎಂದು ದಾರಿಯುದ್ದಕ್ಕೂ ಅದೇ ಚಿಂತೆ. ಎಷ್ಟು ವರ್ಷವಾಗಿತ್ತು ಇವರನ್ನು ಹೀಗೆ ನೋಡಿ. ಐದು ವರ್ಷದಿಂದ ಮೊಮ್ಮಗಳನ್ನು ನೋಡಿಕೊಳ್ಳುವ ಅಜ್ಜ. ಇವತ್ತು ಮಾಸ್ತರು.

ಯಾರಿಗೆ ಹಾಕಿದಿರಿ ಎಂದು ಕೇಳಲಿಲ್ಲ. ಊರಲ್ಲೂ ಕೇಳಿದವಳಲ್ಲ.

೨೮ ನವೆಂಬರ್, ಥ್ಯಾಂಕ್ಸ್‌ಗಿವಿಂಗ್

ಶೇಷಾದ್ರಿ ಬಂದ. ಬಿಸಿಬೇಳೆಬಾತಿಗೆ ಕೈ ಹಾಕುವ ಮೊದಲೇ ಎಲೆಕ್ಷನ್ ಶುರು. ಯಾವ ಪಾರ್ಟಿ ಗೆದ್ದದ್ದು, ಯಾವುದು ಸೋತೂ ಗೆದ್ದದ್ದು. ಒಬ್ಬರ ಪ್ರೆಸಿಡೆಂಟು, ಇನ್ನೊಬ್ಬರ ಕಾಂಗ್ರೆಸ್ಸು, ಅಂದರೆ ಇಲ್ಲಿಯ ಪಾರ್ಲಿಮೆಂಟು. ಇವರು ನೀರು ಕುಡಿದು ಲೋಟ ಇಟ್ಟರು.

"ಅವತ್ತು ಕೇಳಿದ್ರಲ್ಲ, ಯಾರು ಸರಿ ಅಂತ. ನನ್ನ ತೀರ್ಪು ಪೆಟ್ಟಿಗೆಗೆ ಹಾಕಿ ಬಂದಿದ್ದೇನೆ. ಇನ್ನು ಈ ಮನೆಯಲ್ಲಿ ಆ ಮಾತು ಸಾಕು."

ಇಬ್ಬರೂ ಒಟ್ಟಿಗೆ ಕೇಳಿದರು — ಯಾರಿಗೆ ಹಾಕಿದ್ರಿ?

ಮೊದಲು ಕೇಳಿದ್ದು ಅದನ್ನು. ನಗುತ್ತ ಕೇಳಿದರು. ಶೇಷಾದ್ರಿ "ಅಪ್ಪ ನಮ್ಮ ಕಡೆಯೇ, ಶಿಸ್ತಿನ ಮನುಷ್ಯ" ಎಂದ. ಸೂರ್ಯ "ಬಡ ಮಾಸ್ತರು ಕಣೋ, ನಿಮಗೆ ಹಾಕ್ತಾರಾ" ಎಂದರು. ಆಗ ಇಂದು ಸೌಟು ಕೆಳಗಿಟ್ಟಳು.

"ಅಪ್ಪ. ನೀವು ಸಿಟಿಜನ್ ಅಲ್ಲ."

ಆಮೇಲೆ ಯಾರೂ ಉಣ್ಣಲಿಲ್ಲ. ರಚನಾ ಒಬ್ಬಳೇ — "ಕ್ಯಾನ್ ಐ ಹ್ಯಾವ್ ಮೋರ್ ಹಪ್ಪಳ?"

೨೯ ನವೆಂಬರ್

ರಾತ್ರಿಯೆಲ್ಲ ಇವರು ಹೊರಳಿದರು. ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಎಲೆಕ್ಷನ್ ಆಫೀಸಿಗೆ ಕಾಗದ ಬರೆದಿದ್ದಾರೆ. ಇಂಥ ದಿನ ಇಂಥ ಶಾಲೆಯಲ್ಲಿ ಅರ್ಹತೆ ಇಲ್ಲದೆ ಮತ ಹಾಕಿದ್ದೇನೆ, ಪಟ್ಟಿಯಿಂದ ನನ್ನ ಹೆಸರು ತೆಗೆಯಬೇಕು, ಕ್ಷಮೆ ಇರಲಿ. ಬರೆದು, ರಸ್ತೆಯ ಡಬ್ಬಿಗೆ ಹಾಕಿ ಬಂದ ಮೇಲೆ ಹೇಳಿದರು.

"ಬೂತಿನಲ್ಲಿ ತಪ್ಪು ಆದ್ರೆ ಸಂಜೆಯೊಳಗೆ ಮೇಲಿನವರಿಗೆ ವರದಿ ಬರೀಬೇಕು. ಬರೆದವನಿಗೆ ಏನೂ ಆಗುದಿಲ್ಲ. ಮುಚ್ಚಿಟ್ಟವನಿಗೆ ಸಸ್ಪೆಂಡು."

ಇಂದು ಮುಖ ಮುಚ್ಚಿಕೊಂಡು ಸೋಫಾದಲ್ಲಿ ಕೂತಳು.

೧೪ ಜನವರಿ ೧೯೯೭, ಮಂಗಳವಾರ

ಡರ್ಹಮ್ಮಿನಲ್ಲಿ ಲಾಯರ್ ಹೆಂಗಸು. ಕನ್ನಡಕ ತೆಗೆದು ಒರೆಸಿ ಒರೆಸಿ ಮಾತಾಡಿದಳು. ಸೂರ್ಯ ಕನ್ನಡದಲ್ಲಿ ಹೇಳಿದರು. ಹೊಸ ಕಾನೂನಿನಲ್ಲಿ ಸಿಟಿಜನ್ ಅಲ್ಲದವನು ಓಟು ಹಾಕಿದರೆ ದೇಶದಿಂದ ಕಳಿಸಬಹುದು. ಗೊತ್ತಿಲ್ಲದೆ ಎಂಬುದಕ್ಕೆ ಜಾಗ ಕಡಿಮೆ. ಕಾಗದ ಬರೆಯುವ ಮೊದಲು ನನ್ನ ಹತ್ತಿರ ಬಂದಿದ್ದರೆ… ಎಂದು ಅವಳೂ ನಿಲ್ಲಿಸಿದಳು.

ಶೇಷಾದ್ರಿಯೂ ರಜೆ ಹಾಕಿ ಬಂದಿದ್ದ. ಪಾರ್ಕಿಂಗ್ ಲಾಟಿನಲ್ಲಿ, ಆ ಚಳಿಯಲ್ಲಿ —

"ಆ ಕಾನೂನಿಗೆ ಸಹಿ ಹಾಕಿದ್ದು ನಿಮ್ಮ ಪ್ರೆಸಿಡೆಂಟು ಭಾವ."

"ಬರೆದದ್ದು ನಿಮ್ಮವರು. ತಪ್ಪು ಮಾಡೋರು ಹೆದರಲಿ ಅಂದೆಯಲ್ಲ? ನೋಡು, ಹೆದರಿ ನಿಂತಿದ್ದಾರೆ ನಿಮ್ಮಪ್ಪ."

"ನಿಮ್ಮ ಮನೆಯಲ್ಲಿದ್ದವರು. ಯಾವ ಕಾಗದಕ್ಕೆ ಸಹಿ ಮಾಡ್ತಾರೆ ಅಂತ ನಿಮಗೆ ಗೊತ್ತಾಗ್ಲಿಲ್ವಾ?"

"ನೀನು ಇಟ್ಟುಕೊಂಡಿದ್ರೆ ಗೊತ್ತಾಗ್ತಿತ್ತೇನೋ."

ಇವರು ಇಬ್ಬರ ನಡುವೆ ಮಫ್ಲರು ಸುತ್ತಿಕೊಂಡು ನಿಂತಿದ್ದರು. ತೀರ್ಪು ಕೇಳಲಿಲ್ಲ ಯಾರೂ.

೨೦ ಜೂನ್, ಶುಕ್ರವಾರ

ಬರೆಯದೆ ತಿಂಗಳುಗಳಾದವು. ಬರೆಯುವುದಕ್ಕೆ ಏನು. ಇವತ್ತು ನೋಟೀಸು ಬಂತು. ಅಟ್ಲಾಂಟಾದ ಕೋರ್ಟಿಗೆ ಹಾಜರಾಗಬೇಕು.

ದೇವಸ್ಥಾನದಲ್ಲಿ ಹೇಗೋ ಸುದ್ದಿ. ಪುಳಿಯೋಗರೆ ಬಡಿಸುತ್ತಿದ್ದ ವರಲಕ್ಷ್ಮಿ ಮೆಲ್ಲಗೆ, "ಆಂಟಿ, ಇಂಥವರಿಂದ ನಮ್ಮೆಲ್ಲರಿಗೂ ಕಷ್ಟ ಅಂತ ಕೆಲವರು ಹೇಳ್ತಿದಾರೆ, ನಾನಲ್ಲಪ್ಪ" ಎಂದಳು. ನೀನಲ್ಲಮ್ಮ ಎಂದೆ. ಇನ್ನೊಂದು ಸೌಟು ಬಡಿಸಿದಳು.

ಅಕ್ಕ ಕೇಳಿ ಬರೆದಿದ್ದಾಳೆ, ಮಕ್ಕಳು ಈಗ ಅನ್ಯೋನ್ಯವಾ ಎಂದು. ಉತ್ತರ ಬರೆಯಲು ಕೂತೆ. ಮಳೆ ಹೇಗೆ ಎಂದು ಕೇಳಿ ಮುಗಿಸಿದೆ.

೧೭ ಸೆಪ್ಟೆಂಬರ್, ಬುಧವಾರ. ಅಟ್ಲಾಂಟಾ, ಮೋಟೆಲ್

ಮುಗಿಯಿತು. ಜಡ್ಜ್ ವಯಸ್ಸಾದವರು, ಇವರಿಗಿಂತ ಸ್ವಲ್ಪ ಚಿಕ್ಕವರು. ಕನ್ನಡ ಹೇಳುವ ಹುಡುಗಿ ಎಲ್ಲಿಂದಲೋ ಫೋನಿನಲ್ಲಿ. ಸ್ಪೀಕರಿನಿಂದ ಅವಳ ದನಿ — "ಸರ್, ನೀವು ಓಟ್ ಹಾಕಿದ್ರಾ ಅಂತ ಕೇಳ್ತಿದಾರೆ ಸರ್."

"ಹಾಕಿದ್ದೇನೆ."

"ಯಾಕೆ ಅಂತ ಕೇಳ್ತಿದಾರೆ ಸರ್."

ಇವರು ಕೋಟಿನ ಗುಂಡಿ ಹಾಕಿಕೊಂಡರು. "ಪಟ್ಟಿಯಲ್ಲಿ ಹೆಸರಿತ್ತು. ಹಾಕದೆ ಇದ್ರೆ ತಪ್ಪಾಗ್ತದೆ ಅಂತ ತಿಳಿದೆ."

ಹುಡುಗಿ ಇಂಗ್ಲಿಷಿನಲ್ಲಿ ಹೇಳುವಾಗ ನಡುವೆ ತಡವರಿಸಿದಳು. ಜಡ್ಜ್ ಪೆನ್ನು ಕೆಳಗಿಟ್ಟು ಇವರನ್ನು ನೋಡಿದರು. ಒಂದು ಕ್ಷಣ ಬಿಡುತ್ತಾರೆ ಎಂದುಕೊಂಡೆ. ಬಿಡಲಿಲ್ಲ. ಮೊದಲಾಗಿದ್ದರೆ ಬಿಡಬಹುದಿತ್ತು, ಈಗ ಕಾನೂನು ನನ್ನ ಕೈಯಲ್ಲಿ ಅಷ್ಟು ಉಳಿಸಿಲ್ಲ ಎಂದರಂತೆ. ವರ್ಷ ಮುಗಿಯುವುದರೊಳಗೆ ತಾವಾಗಿಯೇ ಹೊರಟುಹೋಗಬೇಕು. ಹಾಗೆ ಹೋದರೆ ಕೈಕೋಳ ಇಲ್ಲ. ಮತ್ತೆ ಬರುವುದು? ಲಾಯರ್ ತಲೆ ಅಲ್ಲಾಡಿಸಿದಳು. ಆಸೆ ಇಟ್ಟುಕೊಳ್ಳಬೇಡಿ ಎಂದಳು.

ನನ್ನದು ಬೇರೆ. ನಾನು ಓಟು ಹಾಕಿದವಳಲ್ಲ. ನಾನು ಇರಬಹುದಂತೆ. ಇಂದು ಕೈ ಹಿಡಿದು, "ಅಮ್ಮ, ನೀನಾದ್ರೂ" ಎಂದಳು. ಇವರು ಆ ಕಡೆ ಕಿಟಕಿ ನೋಡುತ್ತಿದ್ದರು, ಕೇಳದವರ ಹಾಗೆ.

ಇವರಿಗೆ ಒಂದು ಕಾಫಿ ಮಾಡಿಕೊಳ್ಳಲು ಬರುವುದಿಲ್ಲ.

೧೮ ಸೆಪ್ಟೆಂಬರ್

ಹಿಂದಿರುಗುವ ದಾರಿ. ಹೋಗುವಾಗ ಭಯಕ್ಕೆ ಸುಮ್ಮನಿದ್ದ ಸೂರ್ಯ, ಶೇಷಾದ್ರಿ ಇಬ್ಬರೂ ಸೌತ್ ಕ್ಯಾರೊಲಿನಾ ದಾಟುವಾಗ ಶುರು ಮಾಡಿದರು. ರೇಡಿಯೋದಲ್ಲಿ ಯಾರೋ ಇಮಿಗ್ರೆಂಟುಗಳ ಬಗ್ಗೆ ಕೂಗುತ್ತಿದ್ದ. ಸೂರ್ಯ ಆರಿಸಿದರು. ಶೇಷಾದ್ರಿ, "ಕೇಳಲಿಕ್ಕೂ ತಯಾರಿಲ್ಲ ನೀವು" ಎಂದ. ಅಲ್ಲಿಂದ ಮುಂದೆ ಬರೆಯಲಾರೆ. ಒಬ್ಬ ದೇಶದ್ರೋಹಿ, ಒಬ್ಬ ಗುಲಾಮ. ಸ್ವಂತ ಭಾವ ಭಾವಮೈದ.

ಇವರು "ಕಾರು ನಿಲ್ಸಿ" ಎಂದರು. ಮೂತ್ರಕ್ಕೆ ಎಂದುಕೊಂಡೆ. ರೆಸ್ಟ್ ಏರಿಯಾದಲ್ಲಿ ಇಳಿದು ಹುಲ್ಲಿನ ಮೇಲೆ ಕೂತುಬಿಟ್ಟರು. ನಾನೂ ಪಕ್ಕದಲ್ಲಿ ಕೂತೆ.

"ನಾನು ಹೋಗುವುದಕ್ಕೆ ಬೇಜಾರಿಲ್ಲ ಜಲಜಾ. ನಾನು ಹೋದ ಮೇಲೂ ಇವರು ಇದನ್ನೇ ಮಾತಾಡ್ತಾರೆ. ನನ್ನನ್ನು ಉದಾಹರಣೆ ಮಾಡಿಕೊಂಡು."

ನಾನೂ ಬರುತ್ತೇನೆ ಎಂದೆ. "ಇಂದು ಅಳ್ತಾಳೆ" ಎಂದರು. ಅಳಲಿ ಎಂದೆ. ಎಷ್ಟು ಕಠಿಣವಾಗಿ ಹೇಳಿದೆನೋ.

೧೩ ಡಿಸೆಂಬರ್, ಶನಿವಾರ. ಕೊಲಂಬಿಯಾ

ಟಿಕೆಟ್ ಇಲ್ಲಿಗೆ ಹತ್ತಿರದ ಡಲ್ಲೆಸ್ ಏರ್‌ಪೋರ್ಟಿನಿಂದ. ಶೇಷಾದ್ರಿ ತೆಗೆಸಿದ್ದು. ಅವನು ತೆಗೆಸಿದ ಟಿಕೆಟ್ಟಿಗೆ ಅವನ ಮನೆಯಿಂದ ಹೊರಡಬೇಕು. ಸೂರ್ಯ ಅವನ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಅವರು ಬರದೆ ಇಂದು ಬರುವ ಹಾಗಿಲ್ಲ. ಇಬ್ಬರನ್ನೂ ಕೇಳಿ ನೋಡಿದೆ, ಒಂದು ದಿನ ಒಟ್ಟಿಗೆ ನಿಲ್ಲಿ, ಅಪ್ಪನ ಮುಖ ನೋಡಿ ಎಂದು. ಒಬ್ಬ "ಅವರು ಕ್ಷಮೆ ಕೇಳಲಿ" ಎಂದ. ಇನ್ನೊಬ್ಬರು "ಅವನು ಕೇಳಲಿ ಅತ್ತೆ" ಎಂದರು.

ಹಾಗಾಗಿ ರಾಲಿಯಲ್ಲಿ ಮೊನ್ನೆ ಒಂದು ಬೀಳ್ಕೊಡುಗೆ, ಇಲ್ಲಿ ಇನ್ನೊಂದು. ಅಲ್ಲಿ ಇಂದು ಗೇಟಿನವರೆಗೆ ಬಂದು ನಿಂತಳು, ಮುಂದೆ ಬರಲಿಲ್ಲ.

ಸೂಟ್‌ಕೇಸು ತೂಗಿ ಆಯಿತು. ಶೇಷಾದ್ರಿ ಹೊರಗೆ ಕಾರಿನ ಹಿಮ ಕೆರೆಯುತ್ತಿದ್ದಾನೆ. ಕೆರೆಯುತ್ತಲೇ ಇದ್ದಾನೆ. ಒಳಗೆ ಬರಲು ಮನಸ್ಸಿಲ್ಲ ಅವನಿಗೆ.

ಫೋನು. ರಚನಾ. ನಾನು ಎರಡು ಮಾತಾಡಿದೆ. ಅಜ್ಜನಿಗೆ ಕೊಡು ಎಂದಳು. ಇವರಿಗೆ ಕೊಟ್ಟು ಇಲ್ಲಿ ಬಂದು ಕೂತಿದ್ದೇನೆ. ಅವಳ ದನಿ ಇಲ್ಲಿಗೂ ಬರುತ್ತದೆ — "ಅಜ್ಜ, ಸಮ್ಮರ್ ಬ್ರೇಕಿಗೆ ಬರ್ತೀರಲ್ವಾ? ಪ್ರಾಮಿಸ್?"

ಇವರು ರಿಸೀವರು ಹಿಡಿದು ನಿಂತೇ ಇದ್ದಾರೆ. "ಅಜ್ಜ? ಆರ್ ಯು ದೇರ್?" ಎನ್ನುತ್ತಿದೆ ಮಗು. ಹೊರಗೆ ಹಾರ್ನು. ಹೊತ್ತಾಯಿತು. ಇವರ ಕೈಯಿಂದ ನಾನೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಇವರು ಇಡುವವರಲ್ಲ.